ಮಗ ಮಾಡಿಫೈಡ್ ರೇಸ್ ಡ್ರೈವರ್ ಆಗ್ತೀನಿ ಅಂತಾನೆ, ಏನು ಮಾಡೋದು?

ಪ್ರಶ್ನೆ: ನಮಸ್ಕಾರ ಸರ್. ನಾವು ಹಾಸನದ ಕಡೆಯವರು. ಹದಿಮೂರು ವರ್ಷದಿಂದ ಅಮೆರಿಕದ ಕನೆಟಿಕಟ್‌ನಲ್ಲಿದ್ದೇವೆ. ಯಜಮಾನರಿಗೆ ಹಾರ್ಟ್‌ಫರ್ಡ್‌ನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಮಗನಿಗೆ 17 ವರ್ಷ. ಅವನ ಗೆಳೆಯನ ಅಪ್ಪ ಸ್ಟಾಫರ್ಡ್ ಟ್ರ್ಯಾಕಿನಲ್ಲಿ ಮಾಡಿಫೈಡ್ ಕಾರ್ ಓಡಿಸುತ್ತಾರೆ. ಎರಡು ವರ್ಷದಿಂದ ಇವನು ಅವರ ಗ್ಯಾರೇಜಿನಲ್ಲೇ ಬಿದ್ದಿರುತ್ತಾನೆ. ಕಳೆದ ಬೇಸಿಗೆಯಲ್ಲಿ ಅವರ ಹಳೇ ಕಾರನ್ನು ಪ್ರಾಕ್ಟೀಸಿಗೆ ಕೊಟ್ಟರು. ಅವತ್ತಿನಿಂದ ಕಾಲೇಜು ಬೇಡ, ಇದೇ ನನ್ನ ಕೆಲಸ ಅನ್ನುತ್ತಿದ್ದಾನೆ. ಇಲ್ಲಿನ ದೊಡ್ಡ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್‌ನ ಡ್ರೈವರ್‌ಗಳಿಗೆ ಕೋಟಿ ಕೋಟಿ ಬರುತ್ತೆ ಅಂತ ಕನ್ನಡ ಕೂಟದಲ್ಲಿ ಯಾರೋ ಹೇಳಿದರು. ಮೊದಲು ಬೈಯುತ್ತಿದ್ದ ಯಜಮಾನರು ಈಗ ಮನೆ ಮೇಲೆ ಸಾಲ ತೆಗೆದು ಕಾರ್ ಕೊಡಿಸೋಣವಾ ಅಂತ ಕೇಳುತ್ತಿದ್ದಾರೆ. ನನಗೆ ನಿದ್ದೆ ಇಲ್ಲ. ಇದು ಉದ್ಯೋಗವಾ, ಹುಚ್ಚಾ? ಜೀವಕ್ಕೆ ಎಷ್ಟು ಅಪಾಯ? ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಅದು ಬೇರೆ ಚಿಂತೆ.

ಉತ್ತರ: ಕೊನೆಯಲ್ಲಿ ಗ್ರೀನ್ ಕಾರ್ಡ್ ವಿಷಯವನ್ನು ಸುಮ್ನೆ ಒಂದು ಮಾತು ಅಂತ ಸೇರಿಸಿದ್ದೀರಿ. ನಿಮ್ಮ ಇಡೀ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಸಾಲು ಅದೊಂದೇ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ.

ನನ್ನ ಬಗ್ಗೆ ಎರಡು ಮಾತು. ನಾನು ಡ್ರೈವರ್ ಅಲ್ಲ. ಇಪ್ಪತ್ತೆರಡು ವರ್ಷದಿಂದ ಇಂಥ ಕಾರುಗಳ ಸಸ್ಪೆನ್ಷನ್ ಸೆಟಪ್ ಮಾಡುವುದೇ ನನ್ನ ಹೊಟ್ಟೆಪಾಡು. ಊರು ಪುತ್ತೂರಿನ ಹತ್ತಿರ. ಊರಿನ ಹೆಸರು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಮಾಡಿಫೈಡ್ ಅಂದ ತಕ್ಷಣ ಊರಲ್ಲಿರುವ ನಿಮ್ಮ ನೆಂಟರಿಗೆ ಸೈಲೆನ್ಸರ್ ಕಿತ್ತ ಬೈಕು, ಆರ್‌ಟಿಓ ದಂಡ ನೆನಪಾಗುತ್ತದೆ. ಇದು ಅದಲ್ಲ. ರೇಸಿಗೆಂದೇ ಕಬ್ಬಿಣದ ಕೊಳವೆಗಳಿಂದ ಕಟ್ಟಿದ ಕಾರು ಇದು. ಬಾಡಿ ಮೋಟು, ಮುಂದಿನ ಚಕ್ರಗಳು ಪೂರ್ತಿ ಹೊರಗೆ, ಟಯರುಗಳು ಟ್ರ್ಯಾಕ್ಟರಿನದೇನೋ ಅನ್ನುವಷ್ಟು ಅಗಲ. ಮೇಲಿನ ದರ್ಜೆಯ ಕಾರು ಸುಮಾರು 1,200 ಕೆ.ಜಿ. ತೂಗುತ್ತದೆ, ಎಂಜಿನ್ 600ಕ್ಕೂ ಜಾಸ್ತಿ ಹಾರ್ಸ್‌ಪವರ್. ಅಷ್ಟನ್ನು ಇಟ್ಟುಕೊಂಡು ಅರ್ಧ ಮೈಲಿಯ, ಕೆಲವು ಕಡೆ ಕಾಲು ಮೈಲಿಯ ಸುತ್ತಿನಲ್ಲಿ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಎಡಕ್ಕೆ ತಿರುಗುತ್ತಲೇ ಇರುತ್ತಾರೆ.

ನ್ಯಾಸ್ಕಾರ್ ಮನೆಯ ಹಿರಿಮಗ ಇದೇ. 1948ರ ಫೆಬ್ರವರಿ 15ರಂದು ಡೇಟೋನಾದ ಕಡಲ ತೀರದಲ್ಲಿ ನ್ಯಾಸ್ಕಾರ್ ನಡೆಸಿದ ಮೊಟ್ಟಮೊದಲ ರೇಸ್ ಮಾಡಿಫೈಡ್ ಕಾರುಗಳದ್ದು. ಗೆದ್ದವರು ರೆಡ್ ಬೈರನ್. ಈಗ ಟಿವಿಯಲ್ಲಿ ಕಾಣುವ, ಕೋಟಿಗಟ್ಟಲೆ ದುಡ್ಡಿನ ಕಪ್ ಸರಣಿ ಅದರ ಮರುವರ್ಷ ಹುಟ್ಟಿದ ತಮ್ಮ. ಆಸ್ತಿಯೆಲ್ಲ ತಮ್ಮನ ಪಾಲಾಯಿತು. ಅಣ್ಣ ನ್ಯೂ ಇಂಗ್ಲೆಂಡ್, ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯ ಸಣ್ಣ ಟ್ರ್ಯಾಕುಗಳಲ್ಲಿ ಹಳೇ ಮನೆ ನೋಡಿಕೊಂಡು ಉಳಿದುಬಿಟ್ಟ. ನಿಮ್ಮ ಕೂಟದವರು ಹೇಳಿದ ಕೋಟಿ ತಮ್ಮನ ಮನೆಯದ್ದು. ನಿಮ್ಮ ಮಗ ಓಡಾಡುತ್ತಿರುವುದು ಅಣ್ಣನ ಮನೆಯಲ್ಲಿ.

ಅಣ್ಣನ ಮನೆಯಿಂದ ತಮ್ಮನ ಮನೆಗೆ ದಾರಿ ಇಲ್ಲವಾ? ಇದೆ, ಕಿರಿದು. ಜೆಫ್ ಬೊಡೈನ್ ಮಾಡಿಫೈಡ್‌ನಿಂದ ಬಂದು 1986ರಲ್ಲಿ ಕಪ್ ಸರಣಿಯ ಅತಿ ದೊಡ್ಡ ರೇಸ್ ಡೇಟೋನಾ 500 ಗೆದ್ದರು. ಜಿಮ್ಮಿ ಸ್ಪೆನ್ಸರ್, ಸ್ಟೀವ್ ಪಾರ್ಕ್ ಹಾಗೇ ಹೋದರು. ಈಚಿನ ಹೆಸರು ನಿಮ್ಮದೇ ರಾಜ್ಯದ ಬರ್ಲಿನ್ ಊರಿನ ರಯನ್ ಪ್ರೀಸ್. ನಿಮ್ಮ ಮಗ ಅವರ ಕಥೆ ನೂರು ಸಲ ಹೇಳಿರುತ್ತಾನೆ, ಅಲ್ವಾ? 2013ರಲ್ಲಿ ಮಾಡಿಫೈಡ್ ಟೂರ್, ಅಂದರೆ ಮಾಡಿಫೈಡ್ ಕಾರುಗಳ ಮೇಲಿನ ದರ್ಜೆಯ ಸರಣಿಯ ಚಾಂಪಿಯನ್. 2016ರಲ್ಲಿ ಎರಡನೇ ದರ್ಜೆಯ ಸರಣಿಯಲ್ಲಿ ಸಾಧಾರಣ ತಂಡಕ್ಕೆ ವರ್ಷಪೂರ್ತಿ ಓಡಿಸಿದರೂ ಯಾರೂ ತಿರುಗಿ ನೋಡಲಿಲ್ಲ. ಮರುವರ್ಷ ಹೊಂದಿಸಿದ ದುಡ್ಡನ್ನೆಲ್ಲ ಸುರಿದು ಜೋ ಗಿಬ್ಸ್ ತಂಡದ ಒಳ್ಳೆಯ ಕಾರಿನಲ್ಲಿ ಬೆರಳೆಣಿಕೆಯ ರೇಸ್ ಓಡಿಸಿದರು. ಮೊದಲನೆಯದರಲ್ಲಿ ಎರಡನೇ ಸ್ಥಾನ, ಎರಡನೆಯದರಲ್ಲಿ ಗೆಲುವು. 2019ಕ್ಕೆ ಕಪ್ ಸರಣಿಯಲ್ಲಿ ಪೂರ್ಣಾವಧಿ ಸೀಟು. ನಿಜವಾದ ಕಥೆ, ನನಗೂ ಇಷ್ಟ. ಆದರೆ ಮಗ ಹೇಳುವಾಗ ಒಂದು ಭಾಗ ಬಿಟ್ಟುಹೋಗುತ್ತದೆ. ಆ ಪಣ ಹೂಡುವ ಹೊತ್ತಿಗೆ ಪ್ರೀಸ್ ಹತ್ತು ವರ್ಷ ಪಳಗಿದ್ದ ಚಾಂಪಿಯನ್. ಪ್ರಾಕ್ಟೀಸ್ ಓಡಿಸಿದ ಹುಡುಗ ಅಲ್ಲ.

ಅದಕ್ಕಿಂತ ಮುಖ್ಯವಾಗಿ, ಈ ಆಟದ ದೊಡ್ಡ ಹೆಸರುಗಳು ಹೆಚ್ಚಾಗಿ ಮೇಲೆ ಹೋದವರದ್ದಲ್ಲ. ನ್ಯೂಯಾರ್ಕ್ ರಾಜ್ಯದ ರೋಮ್ ಊರಿನ ರಿಚಿ ಎವನ್ಸ್ 9 ಸಲ ರಾಷ್ಟ್ರೀಯ ಚಾಂಪಿಯನ್, ಅದರಲ್ಲಿ 1978ರಿಂದ 1985ರವರೆಗೆ ಸತತ 8. ಹದಿನಾರನೇ ವಯಸ್ಸಿಗೆ ಹೊಲ ಬಿಟ್ಟು ಗ್ಯಾರೇಜ್ ಸೇರಿದವರು. ಅದೇ ಊರಿನ ಜೆರ್ರಿ ಕುಕ್ 6 ಸಲ ಗೆದ್ದರು. ಒಂದು ಪುಟ್ಟ ಊರಲ್ಲಿ ಇಬ್ಬರು ಹೀಗೆ ಎದುರಾಬದುರಾ ನಿಂತದ್ದು ಇವತ್ತಿಗೂ ಪಿಟ್‌ನಲ್ಲಿ, ಅಂದರೆ ತಂಡಗಳು ಕಾರು ಸಿದ್ಧ ಮಾಡುವ ಜಾಗದಲ್ಲಿ, ಮಾತಾಗುತ್ತದೆ. 7 ಸಲ ಗೆದ್ದ ಮೈಕ್ ಸ್ಟೆಫಾನಿಕ್ 1999ರಲ್ಲಿ ಟ್ರಕ್ ಸರಣಿಗೆ ಹೋಗಿ ಆ ವರ್ಷದ ಶ್ರೇಷ್ಠ ಹೊಸಬ ಅನ್ನಿಸಿಕೊಂಡರು, ಆಮೇಲೆ ಮಾಡಿಫೈಡ್‌ಗೇ ವಾಪಸ್ಸು ಬಂದರು. ಈ ಮೂವರೂ ನ್ಯಾಸ್ಕಾರ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಕಪ್ ಸರಣಿಯಲ್ಲಿ ಹೆಸರು ಮಾಡಿ ಅಲ್ಲ, ಇಲ್ಲೇ ಓಡಿಸಿ.

ಎವನ್ಸ್ ಕಾಲದಲ್ಲಿ ಇದರಿಂದಲೇ ಬದುಕುವುದು ಒಂದು ಮಟ್ಟಿಗೆ ಸಾಧ್ಯವಿತ್ತು. ವಾರಕ್ಕೆ ಮೂರು ನಾಲ್ಕು ರಾತ್ರಿ ಬೇರೆ ಬೇರೆ ಟ್ರ್ಯಾಕಿನಲ್ಲಿ ರೇಸ್. ಎಲ್ಲದರ ಅಂಕವೂ ಚಾಂಪಿಯನ್‌ಶಿಪ್‌ಗೆ ಸೇರುತ್ತಿತ್ತು, ಎಲ್ಲದರ ಬಹುಮಾನವೂ ಜೇಬಿಗೆ. 1985ರಿಂದ ಅದು ನಿಗದಿತ ರೇಸುಗಳ ಟೂರ್ ಆಯಿತು. ಈಗ ವರ್ಷಕ್ಕೆ ಹದಿನಾರರ ಆಸುಪಾಸು ರೇಸ್. ಅಷ್ಟರಲ್ಲಿ ಎಷ್ಟು ಗೆದ್ದರೂ ಹನ್ನೆರಡು ತಿಂಗಳ ದಿನಸಿ ಬರುವುದಿಲ್ಲ.

ದುಡ್ಡಿನ ವಿಷಯಕ್ಕೆ ಕಂಬಳ ನೆನಪು ಮಾಡಿಕೊಳ್ಳಿ. ನಮ್ಮ ಕಡೆ ಕೋಣ ಸಾಕುವ ಯಜಮಾನರು ವರ್ಷಪೂರ್ತಿ ಹುರುಳಿ, ಎಣ್ಣೆ, ಆಳುಗಳು ಅಂತ ಲಕ್ಷಗಟ್ಟಲೆ ಖರ್ಚು ಮಾಡುತ್ತಾರೆ. ಗೆದ್ದರೆ ಸಿಗುವುದು ಎರಡು ಪವನ್ ಚಿನ್ನ. ಚಿನ್ನಕ್ಕಾಗಿ ಯಾರೂ ಕೋಣ ಕಟ್ಟುವುದಿಲ್ಲ. ಅಡಿಕೆ ತೋಟವೋ ವ್ಯಾಪಾರವೋ ಹಿಂದೆ ಇರುತ್ತದೆ, ಕಂಬಳ ಮನೆತನದ ಮರ್ಯಾದೆಗೆ. ಓಡಿಸುವವರು ಇನ್ನೊಂದು ಗುಂಪು. 2020ರಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶವೆಲ್ಲ ಉಸೇನ್ ಬೋಲ್ಟ್ ಅಂತ ಕುಣಿಯಿತಲ್ಲ, ಆಗ ಅವರ ಸಂಪಾದನೆ ಕಟ್ಟಡ ಕೆಲಸದ್ದು.

ಮಾಡಿಫೈಡ್ ಪೂರ್ತಿ ಕಂಬಳವೇ. ತಂಡದ ಯಜಮಾನರನ್ನು ನೋಡಿ. ರಸ್ತೆಗೆ ಡಾಂಬರು ಹಾಕಿಸುವ ಕಂಟ್ರಾಕ್ಟರು, ಪ್ಲಂಬಿಂಗ್ ವ್ಯವಹಾರದವರು, ಟೋಯಿಂಗ್ ಲಾರಿ ಇಟ್ಟವರು. ಕಾರಿನ ಮೇಲಿನ ಹೆಸರುಗಳೂ ಅವರವೇ, ಅವರ ಭಾವನವೇ. ಟೂರ್‌ನ ಮುಖ್ಯ ಪ್ರಾಯೋಜಕ ವೇಲನ್ ಕೂಡ ಆಂಬ್ಯುಲೆನ್ಸ್, ಪೊಲೀಸ್ ಗಾಡಿಗಳಿಗೆ ದೀಪ ಮಾಡುವ ಕನೆಟಿಕಟ್ ಕಂಪನಿ. ಟೂರ್ ಕಾರೊಂದನ್ನು ಹೊಸದಾಗಿ ಎಂಜಿನ್ ಸಮೇತ ಕಟ್ಟಿಸಿದರೆ ಲಕ್ಷ ಡಾಲರ್ ದಾಟುತ್ತದೆ. ರೇಸ್ ಗೆದ್ದರೆ ಬರುವುದು ಕೆಲವು ಸಾವಿರ. ಡ್ರೈವರ್ ಬೇರೆಯವರ ಕಾರು ಓಡಿಸಿದರೆ ಅದರಲ್ಲೊಂದು ಪಾಲು. ಗೋಡೆಗೆ ಒಂದು ಸಲ ತಾಗಿದರೆ ಆ ದುಡ್ಡು ಮುಂದಿನ ಆಕ್ಸೆಲ್ ರಿಪೇರಿಗೆ ಸಮ. ಚಾಂಪಿಯನ್‌ಗಳು ಸೋಮವಾರ ಬೆಳಿಗ್ಗೆ ಬೇರೆ ಕೆಲಸಕ್ಕೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಮಗನ ಗೆಳೆಯನ ಅಪ್ಪನಿಗೂ ಒಂದು ಕೆಲಸ ಇರಲೇಬೇಕು. ಅದೇನು, ಈ ಆಟಕ್ಕೆ ವರ್ಷಕ್ಕೆ ಎಷ್ಟು ಹಾಕುತ್ತಾರೆ ಅಂತ ಮಗನೇ ಕೇಳಿಕೊಂಡು ಬರಲಿ. ನನ್ನ ಹತ್ತು ಪುಟಕ್ಕಿಂತ ಆ ಒಂದು ಉತ್ತರ ಕೆಲಸ ಮಾಡುತ್ತದೆ.

ಹಾಗಾದರೆ ಇದು ಹುಚ್ಚಾ? ಹುಚ್ಚು ಹೌದು, ಬೇಜವಾಬ್ದಾರಿ ಅಲ್ಲ. ಇನ್ನೊಂದು ಮಾತಿದೆ. ಓಡಿಸುವುದರಿಂದ ಮನೆ ನಡೆಯದಿದ್ದರೂ ಓಡುವಂತೆ ಮಾಡುವುದರಿಂದ ನಡೆಯುತ್ತದೆ. ನನ್ನ ಮನೆ ನಡೆದಿದೆ. ಚಾಸಿ ಕಟ್ಟುವವರು, ಎಂಜಿನ್ ಕಟ್ಟುವವರು, ಶಾಕ್ ಅಬ್ಸಾರ್ಬರ್ ಟ್ಯೂನ್ ಮಾಡುವವರು ತಿಂಗಳ ಸಂಬಳದವರು. ನಿಮ್ಮ ಮಗ ಎರಡು ವರ್ಷ ಗ್ಯಾರೇಜಿನಲ್ಲಿ ಬಿದ್ದಿದ್ದಾನೆ ಅಂದಿರಿ. ನನ್ನ ಕಣ್ಣಿಗೆ ಅವನು ಕಾರ್ ಓಡಿಸಿದ್ದಕ್ಕಿಂತ ಅದೇ ಜಾಸ್ತಿ ಬೆಲೆಯದ್ದು.

ಅವನನ್ನು ಒಂದು ಪ್ರಶ್ನೆ ಕೇಳಿ: ಬಲಗಡೆ ಹಿಂದಿನ ಟಯರು ಎಡಗಡೆಯದ್ದಕ್ಕಿಂತ ಯಾಕೆ ದೊಡ್ಡದು? ಗೊತ್ತಿದ್ದರೆ ಮನೆಯ ಸ್ಟೀಲ್ ಲೋಟ ಅಡ್ಡ ಮಲಗಿಸಿ ಉರುಳಿಸಿ ತೋರಿಸುತ್ತಾನೆ. ಬಾಯಿ ಅಗಲ, ತಳ ಕಿರಿದು, ಅದಕ್ಕೇ ಲೋಟ ನೇರ ಹೋಗದೆ ಸುತ್ತು ಹಾಕುತ್ತದೆ. ಕಾರೂ ಹಾಗೆ ತಾನಾಗಿ ಎಡಕ್ಕೆ ತಿರುಗಲಿ ಅಂತ ಈ ಏರ್ಪಾಡು. ಟಯರ್ ಬಿಸಿಯಾಗಿ ಉಬ್ಬಿದಂತೆ ಈ ವ್ಯತ್ಯಾಸ ಬದಲಾಗುತ್ತದೆ. ಮೂವತ್ತನೇ ಸುತ್ತಿಗೆ ಹಿಂಭಾಗ ಜಾರಲು ಶುರು. ಆಗ ‘ಕಾರ್ ಸರಿ ಇಲ್ಲ’ ಅನ್ನುವ ಡ್ರೈವರುಗಳು ಬೇಕಾದಷ್ಟು ಜನ. ‘ತಿರುವಿನ ನಡುವೆ ಸರಿ ಇದೆ, ಆಕ್ಸಿಲರೇಟರ್ ಒತ್ತುವಾಗ ಮಾತ್ರ ಹಿಂದೆ ಜಾರುತ್ತಿದೆ’ ಅನ್ನುವವರು ಕಡಿಮೆ. ಯಜಮಾನರು ಕರೆದು ಸೀಟು ಕೊಡುವುದು ಎರಡನೆಯವರಿಗೆ.

ಈಗ ಅಪಾಯ. ಸಿಹಿ ಮಾತು ಹೇಳುವುದಿಲ್ಲ. 1985ರ ಅಕ್ಟೋಬರ್ 24ರಂದು ಮಾರ್ಟಿನ್ಸ್‌ವಿಲ್‌ನಲ್ಲಿ ಪ್ರಾಕ್ಟೀಸ್ ಮಾಡುವಾಗ ರಿಚಿ ಎವನ್ಸ್ ತೀರಿಕೊಂಡರು. ಒಂಬತ್ತನೇ ಚಾಂಪಿಯನ್‌ಶಿಪ್ ಅಷ್ಟರಲ್ಲಿ ಕೈಗೆ ಬಂದಾಗಿತ್ತು. ಮುಂದಿನ ನಾಲ್ಕು ವರ್ಷದಲ್ಲಿ ಇನ್ನೂ ಹಲವರು ಹೋದರು. ಅವತ್ತಿನ ಚಾಸಿಗಳು ವಿಪರೀತ ಗಟ್ಟಿ. ಕೇಳಲು ಒಳ್ಳೆಯದು ಅನ್ನಿಸುತ್ತದೆ. ಆದರೆ ಕಾರು ನಜ್ಜಾಗದಿದ್ದರೆ ಗೋಡೆಯ ಏಟನ್ನು ಒಳಗಿನ ಮನುಷ್ಯನ ಮೈ ತಿನ್ನಬೇಕು. ಅದಾದ ಮೇಲೆ ಕಾರಿನ ತುದಿಗಳು ಬಾಗಿ ಏಟು ನುಂಗುವ ಹಾಗೆ ಚೌಕಟ್ಟು ಬದಲಾಯಿತು. 2001ರಲ್ಲಿ ಕಪ್ ಸರಣಿಯ ದೊಡ್ಡ ಚಾಂಪಿಯನ್ ಡೇಲ್ ಅರ್ನ್‌ಹಾರ್ಟ್ ಡೇಟೋನಾದಲ್ಲಿ ತೀರಿಕೊಂಡ ಮೇಲೆ ಕುತ್ತಿಗೆ ಹಿಡಿದಿಡುವ ಹಾನ್ಸ್‌ನಂಥ ಸಾಧನ ದೊಡ್ಡ ಸರಣಿಗಳಲ್ಲಿ ಕಡ್ಡಾಯವಾಯಿತು. ತಲೆಬುರುಡೆಯ ಬುಡ ಮುರಿದು ಸಾಯುವುದು ಅದರಿಂದ ತುಂಬಾ ಕಡಿಮೆಯಾಗಿದೆ. ಆದರೂ 2004ರಿಂದ 2008ರ ನಡುವೆ ನಿಮ್ಮ ಹತ್ತಿರದ ಥಾಂಪ್ಸನ್ ಟ್ರ್ಯಾಕಿನಲ್ಲೇ ಮೂವರು ಮಾಡಿಫೈಡ್ ಡ್ರೈವರುಗಳು ಜೀವ ಕಳೆದುಕೊಂಡರು. ಹೊರಗಿರುವ ಚಕ್ರಗಳೇ ಈ ಕಾರಿನ ಚೆಂದ, ಅವೇ ಶಾಪ. ಒಂದರ ಚಕ್ರದ ಮೇಲೆ ಇನ್ನೊಂದರ ಚಕ್ರ ಹತ್ತಿದರೆ ಕಾರು ಗಾಳಿಗೆ ಹಾರುತ್ತದೆ.

ಸಾವಿಗಿಂತ ಜಾಸ್ತಿ ಸಲ ಆಗುವುದು, ಯಾರೂ ಮಾತಾಡದಿರುವುದು, ತಲೆಗೆ ಬೀಳುವ ಪೆಟ್ಟು. ಹುಡುಗರು ಮುಚ್ಚಿಡುತ್ತಾರೆ. ಹೇಳಿದರೆ ಮುಂದಿನ ವಾರ ಓಡಿಸಲು ಬಿಡುವುದಿಲ್ಲ ಅಂತ ಅವರಿಗೆ ಗೊತ್ತು. ಗುದ್ದಿದ ಮರುದಿನ ತಲೆನೋವು, ಬೆಳಕು ಸೇರದಿರುವುದು, ಸುಮ್ಮಸುಮ್ಮನೆ ಸಿಡುಕು ಕಂಡರೆ ಡಾಕ್ಟರು ಸರಿ ಅನ್ನುವವರೆಗೆ ರೇಸ್ ಇಲ್ಲ. ಈ ಮಾತನ್ನು ಕಾರು ಕೊಳ್ಳುವ ಮೊದಲೇ ಆಡಿ ಮುಗಿಸಿ.

ನಿಮ್ಮ ಯಜಮಾನರು ಇನ್ಶೂರೆನ್ಸ್ ಕಂಪನಿಯಲ್ಲೇ ಇದ್ದಾರೆ. ಸಾಲದ ಅರ್ಜಿ ತುಂಬುವ ಮೊದಲು ಸ್ವಂತ ಮನೆಯ ಪಾಲಿಸಿ ತೆಗೆದು ಓದಲಿ! ಎಷ್ಟೋ ಜೀವವಿಮೆಗಳಲ್ಲಿ ಮೋಟಾರ್ ರೇಸಿಂಗ್ ಹೊರಗಿಟ್ಟಿರುತ್ತಾರೆ, ಇಲ್ಲವೇ ಪ್ರೀಮಿಯಂ ಏರಿಸುತ್ತಾರೆ. ಟ್ರ್ಯಾಕಿನವರ ಅಪಘಾತ ವಿಮೆಗೆ ಮಿತಿ ಇರುತ್ತದೆ. ಅದು ಎಷ್ಟು ಅಂತ ಬರಹದಲ್ಲಿ ಕೇಳಿ. ಮಗನಿಗೆ 18 ತುಂಬುವವರೆಗೆ ಹಕ್ಕುಬಿಡುವ ಕಾಗದಕ್ಕೆ ಅಪ್ಪ ಅಮ್ಮನ ಸಹಿ ಬೇಕು. ಕಳೆದ ಬೇಸಿಗೆಯ ಪ್ರಾಕ್ಟೀಸಿಗೆ ಯಾರು ಸಹಿ ಹಾಕಿದರು ಅಂತ ನಿಮಗೆ ಗೊತ್ತಾ?

ಸರಿ, ಗ್ರೀನ್ ಕಾರ್ಡಿಗೆ ಬರೋಣ. ಹದಿಮೂರು ವರ್ಷದಿಂದ ಇಲ್ಲಿದ್ದೂ ಅದು ಬಂದಿಲ್ಲ ಅಂದರೆ ಮಗ ಎಚ್-4ರಲ್ಲಿ, ಅಂದರೆ ಕೆಲಸದ ವೀಸಾದವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾದಲ್ಲಿ, ಇರಬೇಕು ಅಂತ ನನ್ನ ಊಹೆ. ಹಾಗಿದ್ದರೆ ಕಾಲೇಜು ಬೇಕೋ ಬೇಡವೋ ಅನ್ನುವ ಚರ್ಚೆಗೇ ಜಾಗವಿಲ್ಲ. ಎಚ್-4ರಲ್ಲಿರುವ ಮಕ್ಕಳು ಸಂಬಳಕ್ಕೆ ದುಡಿಯುವ ಹಾಗಿಲ್ಲ. ಅದು ಗ್ಯಾರೇಜಿನಲ್ಲಿ ಕೈಗೆ ಕೊಡುವ ದುಡ್ಡಾದರೂ ಅಷ್ಟೇ. 21 ತುಂಬಿದಾಗ ಆ ವೀಸಾ ಮುಗಿಯುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ದರೆ ಇಲ್ಲಿ ಉಳಿಯಲು ಹೆಚ್ಚಿನ ಮಕ್ಕಳು ಹಿಡಿಯುವ ದಾರಿ ವಿದ್ಯಾರ್ಥಿ ವೀಸಾ. ಅದಕ್ಕೆ ಪೂರ್ಣಾವಧಿ ಓದಬೇಕು. ಕಾಲೇಜು ಬಿಟ್ಟ ಹುಡುಗ ರೇಸ್ ಟ್ರ್ಯಾಕಿನಿಂದ ಮಾತ್ರ ಅಲ್ಲ, ದೇಶದಿಂದಲೇ ಹೊರಗೆ ಹೋಗಬೇಕಾಗಬಹುದು. ಬಹುಮಾನದ ಹಣ, ಪ್ರಾಯೋಜಕರ ಹಣ ಮುಟ್ಟಬಹುದಾ, ತಂಡದಲ್ಲಿ ಪುಕ್ಕಟೆ ಕೈಜೋಡಿಸಿದರೂ ಕೆಲಸ ಅಂತ ಲೆಕ್ಕವಾ, ಇವನ್ನೆಲ್ಲ ವಲಸೆ ವಕೀಲರ ಹತ್ತಿರ ಕೂತು ಕೇಳಿ. ಆ ಒಂದು ಗಂಟೆಯ ಫೀಸು ಒಂದು ಟಯರಿನ ಬೆಲೆ. ನಾನು ಸಸ್ಪೆನ್ಷನ್ ಮನುಷ್ಯ, ಈ ವಿಷಯದಲ್ಲಿ ನನ್ನ ಮಾತೇ ಕೊನೆ ಅಂದುಕೊಳ್ಳಬೇಡಿ.

ಮಗನಿಗೆ ಇದನ್ನು ಶಿಕ್ಷೆಯ ಹಾಗೆ ಹೇಳಬೇಡಿ. ಅವನ ಅದೃಷ್ಟಕ್ಕೆ ಕನೆಟಿಕಟ್ ವಿಶ್ವವಿದ್ಯಾಲಯದ ಸ್ಟಾರ್ಸ್ ಕ್ಯಾಂಪಸ್ಸಿನಿಂದ ಸ್ಟಾಫರ್ಡ್ ಟ್ರ್ಯಾಕ್ ಅರ್ಧ ಗಂಟೆಯೂ ಇಲ್ಲ. ಅಲ್ಲಿ ವಿದ್ಯಾರ್ಥಿಗಳೇ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಎಸ್‌ಎಇ ತಂಡ ಇದೆ. ಸ್ಟಾಫರ್ಡ್‌ನಲ್ಲಿ ರೇಸ್ ಶುಕ್ರವಾರ ರಾತ್ರಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾ ವಾರಕ್ಕೊಂದು ರಾತ್ರಿ ರೇಸ್ ಓಡಿಸುವುದಕ್ಕೆ ಈ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ದಕ್ಷಿಣಕ್ಕೆ ಹೋಗುವ ಮನಸ್ಸಿದ್ದರೆ ನಾರ್ತ್ ಕ್ಯಾರೊಲಿನಾದ ಷಾರ್ಲಟ್ ವಿಶ್ವವಿದ್ಯಾಲಯದಲ್ಲಿ ಮೋಟಾರ್ ಸ್ಪೋರ್ಟ್ಸ್ ಎಂಜಿನಿಯರಿಂಗ್ ಇದೆ, ದೊಡ್ಡ ತಂಡಗಳ ಗ್ಯಾರೇಜುಗಳು ಸುತ್ತಮುತ್ತಲೇ ಇವೆ. ಆದರೆ ಅಲ್ಲಿ ಮಾಡಿಫೈಡ್ ರೇಸ್ ಕಡಿಮೆ, ಬಾಡಿಗೆ ಮನೆ ಖರ್ಚು ಬೇರೆ.

ಕಾರಿನ ಮಾತು. ಮನೆ ಮೇಲೆ ಸಾಲ ಮಾತ್ರ ಬೇಡ. ಮನೆ ಸಾಲ ತೀರಿದಾಗ ಮನೆ ಉಳಿಯುತ್ತದೆ. ರೇಸ್ ಕಾರಿನ ಸಾಲ ತೀರುವಾಗ ಷೆಡ್ಡಿನಲ್ಲಿ ಸೊಟ್ಟಗಾದ ಕೊಳವೆಗಳು ಇರುತ್ತವೆ. ಅವನು ಶುರು ಮಾಡಬೇಕಾದದ್ದು ಟೂರ್ ಕಾರಿನಲ್ಲೂ ಅಲ್ಲ. ಸ್ಟಾಫರ್ಡ್‌ನ ಎಸ್‌ಕೆ ಲೈಟ್ ದರ್ಜೆ ಇಂಥವರಿಗೇ ಇದೆ. ಸೀಲ್ ಮಾಡಿ ಬರುವ 350 ಹಾರ್ಸ್‌ಪವರಿನ ಎಂಜಿನ್, ಹಾಗಾಗಿ ದುಡ್ಡು ಸುರಿದು ಎಂಜಿನ್ ಏರಿಸುವ ಪೈಪೋಟಿಗೆ ಕಡಿವಾಣ. ಸೀಸನ್ ಮುಗಿದ ಮೇಲೆ ಚಳಿಗಾಲದಲ್ಲಿ ಹಳೆಯ ಕಾರುಗಳು ಮಾರಾಟಕ್ಕೆ ಬರುತ್ತವೆ. ಕೊಳ್ಳುವುದಾದರೆ ಉಳಿತಾಯದ ದುಡ್ಡಿನಲ್ಲಿ, ಪೂರ್ತಿ ಹೋದರೂ ಮನೆಯಲ್ಲಿ ಜಗಳ ಆಗದಷ್ಟು ಮೊತ್ತದಲ್ಲಿ, ಒಂದು ಸೀಸನ್ನಿಗೆ. ಕಾರಿನ ಬೆಲೆಯಷ್ಟೇ ದುಡ್ಡು ಟಯರು, ಟ್ರೈಲರು, ರಿಪೇರಿಗೆ ಬೇರೆ ಇಟ್ಟುಕೊಳ್ಳಿ. ಇದನ್ನು ಮರೆತವರು ಜುಲೈಗೆ ನಿಲ್ಲಿಸಿದ್ದನ್ನು ಕಂಡಿದ್ದೇನೆ.

ಸೀಟು ಬಾಡಿಗೆಗೆ ಕೊಡುವ ತಂಡಗಳೂ ಇವೆ. ದುಡ್ಡು ಕೊಟ್ಟರೆ ಕಾರು, ಟಯರು, ಆಳು ಎಲ್ಲ ಅವರದು, ನೀವು ಹೆಲ್ಮೆಟ್ ತಂದರೆ ಸಾಕು. ಒಂದೆರಡು ಸಲ ರುಚಿ ನೋಡಲು ಪರವಾಗಿಲ್ಲ. ‘ನಿಮ್ಮ ಹುಡುಗನಲ್ಲಿ ಪ್ರತಿಭೆ ಇದೆ, ವರ್ಷದ ಕರಾರು ಮಾಡಿ, ಮೇಲೆ ಕಳಿಸುತ್ತೇವೆ’ ಅಂದರೆ ಜಾಗ ಖಾಲಿ ಮಾಡಿ. ನನಗೆ ಗೊತ್ತಿರುವ ಒಂದು ಕುಟುಂಬ ಹತ್ತು ರೇಸಿನ ದುಡ್ಡು ಮೊದಲೇ ಕಟ್ಟಿತು. ಮೂರನೇ ರೇಸಿನಲ್ಲಿ ಬೇರೆಯವನು ಬಂದು ಇವರ ಹುಡುಗನಿಗೆ ಗುದ್ದಿದ. ತಪ್ಪು ಯಾರದ್ದಾದರೂ ರಿಪೇರಿ ನಿಮ್ಮದೇ ಅಂತ ಕರಾರಿನಲ್ಲಿತ್ತು, ಓದಿರಲಿಲ್ಲ. ಆರನೇ ರೇಸಿಗೆ ದುಡ್ಡು ಮುಗಿಯಿತು.

ಚಳಿಗಾಲಕ್ಕೆ ಒಂದು ಅಗ್ಗದ ದಾರಿ ಇದೆ, ಐರೇಸಿಂಗ್ ಸಿಮ್ಯುಲೇಟರ್. ಸ್ಟಾಫರ್ಡ್, ಥಾಂಪ್ಸನ್ ಎರಡೂ ಟ್ರ್ಯಾಕ್ ಅದರಲ್ಲಿವೆ, ಮಾಡಿಫೈಡ್ ಕಾರುಗಳೂ ಇವೆ. ವಿಡಿಯೋ ಗೇಮ್ ಅಂತ ಮೂಗು ಮುರಿಯಬೇಡಿ. 2024 ಮತ್ತು 2025ರಲ್ಲಿ ಡೇಟೋನಾ 500 ಗೆದ್ದ ವಿಲಿಯಂ ಬೈರನ್ ರೇಸಿಂಗ್ ಕಲಿಯಲು ಶುರು ಮಾಡಿದ್ದು ಅಲ್ಲೇ. ಅದು ಕಲಿಸದಿರುವುದು ಹೆದರಿಕೆ. ಅದಕ್ಕೆ ನಿಜವಾದ ಗೋಡೆಯೇ ಬೇಕು.

ನೀವು ಇದುವರೆಗೆ ಟ್ರ್ಯಾಕಿಗೆ ಹೋಗಿಲ್ಲ ಅಂತ ಪತ್ರ ಓದಿದರೆ ತಿಳಿಯುತ್ತದೆ. ಸೀಸನ್ ಶುರುವಾದಾಗ ಒಂದು ಶುಕ್ರವಾರ ಯಜಮಾನರನ್ನೂ ಕರೆದುಕೊಂಡು ಹೋಗಿ. ಗ್ಯಾಲರಿ ಟಿಕೆಟ್ ಅಲ್ಲ, ಪಿಟ್ ಪಾಸ್ ತೆಗೆದುಕೊಳ್ಳಿ. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ, ಚಪ್ಪಲಿ ಬಿಟ್ಟು ಶೂ ಹಾಕಿ. ಮಗ ಓಡಿಸಿದ ಆ ಹಳೇ ಕಾರಿನ ಒಳಗೆ ಬಗ್ಗಿ ಸೀಟ್ ಬೆಲ್ಟ್ ಹುಡುಕಿ. ಅದರ ಮೇಲೊಂದು ಪುಟ್ಟ ಚೀಟಿ ಹೊಲಿದಿರುತ್ತದೆ, ತಾರೀಕು ಇರುತ್ತದೆ. ರೇಸ್ ಸುರಕ್ಷತೆಯ ಎಸ್‌ಎಫ್‌ಐ ಗುರುತಿನ ಬೆಲ್ಟ್‌ಗೆ ಆಯುಷ್ಯ ಎರಡೇ ವರ್ಷ, ನೋಡಲು ಹೊಸದರ ಹಾಗಿದ್ದರೂ. ಹೆಲ್ಮೆಟ್ಟಿನ ಒಳಗಿನ ಚೀಟಿಯಲ್ಲಿ ‘ಎಸ್‌ಎ’ ಅಂತ ಇರಬೇಕು. ‘ಎಂ’ ಅಂತ ಇದ್ದರೆ ಅದು ಬೈಕಿನದು, ಬೆಂಕಿ ತಡೆಯುವುದಿಲ್ಲ. ತಾರೀಕು ಮುಗಿದ ಬೆಲ್ಟಿನಲ್ಲಿ ಅವನನ್ನು ಕೂರಿಸಿದ್ದರು ಅಂತಾದರೆ, ಆ ಗ್ಯಾರೇಜಿನ ಬಗ್ಗೆ ನನಗೆ ಇನ್ನೊಂದು ಪತ್ರ ಬರೆಯಿರಿ.